ಸಿಹಿ ಇದ್ದರೆ ಸಾಲದು: ಗೋವಾದ ಮನೆಬಾವಿ ನೀರನ್ನು ನೀವೇ ಪರೀಕ್ಷಿಸಿ

ಗದಗ, ಬಾಗಲಕೋಟೆ, ಕೊಪ್ಪಳದ ಕಡೆಯಿಂದ ಗೋವಾಕ್ಕೆ ಬಂದ ನಮ್ಮ ಜನ ಇಲ್ಲಿ ಮೊದಲು ಮೆಚ್ಚುವುದು ಬಾವಿ ನೀರನ್ನು. ಊರಲ್ಲಿ ಬೋರ್‌ವೆಲ್ಲಿನ ಸವಳು ನೀರು ಕುಡಿದು ಬೆಳೆದವರು ನಾವು. ಬೇಳೆ ಬೇಯುತ್ತಿರಲಿಲ್ಲ, ಸಾಬೂನು ನೊರೆ ಬರುತ್ತಿರಲಿಲ್ಲ, ಕೊಡದ ಒಳಗೆ ಬಿಳಿ ಪೊರೆ ಕಟ್ಟುತ್ತಿತ್ತು. ಇಲ್ಲಿ ನೋಡಿದರೆ ಹಿತ್ತಲಲ್ಲೇ ಬಾವಿ. ಸೇದಿದರೆ ತಣ್ಣಗಿನ, ತಿಳಿಯಾದ, ಸಿಹಿ ನೀರು. ನಮ್ಮ ಓಣಿಯಲ್ಲಿರುವ ರೋಣದ ಕಾಕಾ ಒಮ್ಮೆ ಕೇಳಿದ್ದರು: "ನೀರು ಅಮೃತ ಇದ್ದಂಗ ಐತಿ. ಇದನ್ಯಾಕ ಟೆಸ್ಟ್ ಮಾಡಸ್ತೀ ತಂಗಿ?"

ಮೊದಲು ನಾನೂ ಹಾಗೇ ತಿಳಿದಿದ್ದೆ. ಫೋಂಡಾದ ಹತ್ತಿರ ಬಾಡಿಗೆ ಮನೆ ಹಿಡಿದ ವರ್ಷ, ಮಳೆ ಶುರುವಾಗಿ ಎರಡು ವಾರಕ್ಕೆ ಮಗನಿಗೆ ಭೇದಿ ಹತ್ತಿತು. ಗುಣವಾಯಿತು. ಮತ್ತೆ ಹತ್ತು ದಿನಕ್ಕೆ ಅದೇ ಕಥೆ. ಎರಡನೇ ಸಲ ಡಾಕ್ಟರು ಔಷಧ ಬರೆಯುವ ಮೊದಲು ಕೇಳಿದ್ದು ಒಂದೇ ಮಾತು: "ಕುಡಿಯೋದು ಯಾವ ನೀರು?" ಬಾವಿಯದು, ತುಂಬಾ ಚೆನ್ನಾಗಿದೆ ಎಂದೆ. "ಚೆನ್ನಾಗಿದೆ ಅಂತ ಯಾರು ಹೇಳಿದರು?" ಎಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ವಾರವೇ ಒಂದು ಪುಟ್ಟ ಸೀಸೆಯಲ್ಲಿ ನೀರು ತುಂಬಿಟ್ಟೆ. ಮರುದಿನ ಬೆಳಗ್ಗೆ ಅದು ಕಾಡಿಗೆಯಂತೆ ಕಪ್ಪಾಗಿತ್ತು.

ಆ ಸೀಸೆಯ ವಿಷಯ ಮುಂದೆ ವಿವರವಾಗಿ ಹೇಳುತ್ತೇನೆ. ಮೊದಲು ಒಂದು ಮಾತು ಸ್ಪಷ್ಟವಾಗಲಿ. ಊರಲ್ಲಿ ನಮ್ಮ ಭಯ ಫ್ಲೋರೈಡಿನದು, ಸವಳಿನದು. ಅಲ್ಲಿ ಸಿಹಿ ನೀರು ಅಂದರೆ ಒಳ್ಳೆಯ ನೀರು. ಅದೇ ಲೆಕ್ಕವನ್ನು ಇಲ್ಲಿಗೂ ತಂದರೆ ಮೋಸ ಹೋಗುತ್ತೇವೆ. ಗೋವಾದ ಹೆಚ್ಚಿನ ಭಾಗ ಕೆಂಪು ಜಂಬಿಟ್ಟಿಗೆ ನೆಲ. ಈ ಕಲ್ಲಿನ ತುಂಬಾ ತೂತು, ಸಂದು. ಮಳೆ ನೀರು ಬೇಗ ಇಳಿಯುತ್ತದೆ, ಲವಣ ಜಾಸ್ತಿ ಕರಗಿಸಿಕೊಳ್ಳುವುದಿಲ್ಲ. ಅದಕ್ಕೇ ಸಿಹಿ. ಆದರೆ ಅದೇ ಸಂದುಗಳಲ್ಲಿ ಪಕ್ಕದ ಸೆಪ್ಟಿಕ್ ಟ್ಯಾಂಕಿನ ನೀರೂ ಅಷ್ಟೇ ಬೇಗ ಹರಿದು ಬರುತ್ತದೆ. ಇಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನೆಲದ ಮೇಲೂ ಒಳಗೂ ಇರುವ ಕೊಳೆಯನ್ನೆಲ್ಲ ಆ ಮಳೆ ಬಾವಿಗೆ ದೂಡುತ್ತದೆ. ರೋಗಾಣುವಿಗೆ ರುಚಿ ಇಲ್ಲ, ಬಣ್ಣ ಇಲ್ಲ, ವಾಸನೆ ಇಲ್ಲ.

2022ರಲ್ಲಿ ಗೋವಾಕ್ಕೆ ಹರ್ ಘರ್ ಜಲ್ ಪ್ರಮಾಣಪತ್ರ ಸಿಕ್ಕಿತು. ಹಳ್ಳಿ ಮನೆಗಳಿಗೂ ನಲ್ಲಿ ಬಂದಿದೆ. ಆದರೂ ನಲ್ಲಿ ನಿಂತ ದಿನ ಕೈ ಹೋಗುವುದು ಬಾವಿಯ ಹಗ್ಗಕ್ಕೇ ಅಲ್ವಾ? ಕುಡಿಯಲು ಅಲ್ಲದಿದ್ದರೂ ಪಾತ್ರೆ ತೊಳೆಯಲು, ಬಾಯಿ ಮುಕ್ಕಳಿಸಲು, ತರಕಾರಿ ತೊಳೆಯಲು ಬಾವಿ ನೀರೇ. ಹಾಗಾಗಿ ನಲ್ಲಿ ಇರುವ ಮನೆಯವರೂ ಇದನ್ನು ಓದಿ.

ಮೊದಲು ಬಾವಿಯ ಸುತ್ತ ನಡೆಯಿರಿ

ಇದಕ್ಕೆ ಒಂದು ಪೈಸೆಯೂ ಬೇಡ. ಆದರೆ ಎಲ್ಲ ಪರೀಕ್ಷೆಗಿಂತ ಇದೇ ಮುಖ್ಯ ಎಂಬುದು ನನ್ನ ಅನಿಸಿಕೆ. ಒಂದು ಹಾಳೆ, ಪೆನ್ನು, ಅಳತೆ ಟೇಪು ತೆಗೆದುಕೊಂಡು ಹೋಗಿ.

ಸೆಪ್ಟಿಕ್ ಟ್ಯಾಂಕು, ಇಂಗುಗುಂಡಿ, ಶೌಚಾಲಯ, ದನದ ಕೊಟ್ಟಿಗೆ, ತಿಪ್ಪೆ ಎಲ್ಲಿವೆ ನೋಡಿ. ನಿಮ್ಮದಷ್ಟೇ ಅಲ್ಲ, ಕಾಂಪೌಂಡಿನ ಆಚೆಯ ಮನೆಯದೂ ಲೆಕ್ಕಕ್ಕೆ ಬರುತ್ತದೆ. ಬಾವಿಗೂ ಇವಕ್ಕೂ ಕನಿಷ್ಠ 15 ಮೀಟರ್, ಅಂದರೆ ಸುಮಾರು 50 ಅಡಿ ಇರಬೇಕು ಎನ್ನುವುದು ರೂಢಿಯ ಲೆಕ್ಕ. ಜಂಬಿಟ್ಟಿಗೆ ನೆಲದಲ್ಲಿ ಇನ್ನೂ ದೂರ ಇದ್ದಷ್ಟು ಒಳ್ಳೆಯದು. ಗೋವಾದಲ್ಲಿ ಮನೆಗಳು ಇಳಿಜಾರಿನಲ್ಲಿ ಇರುವುದು ಹೆಚ್ಚು. ಹಾಗಾಗಿ ದೂರದ ಜೊತೆ ಎತ್ತರವನ್ನೂ ನೋಡಿ. ಬಾವಿಗಿಂತ ಮೇಲಿನ ದಿಬ್ಬದಲ್ಲಿ ಟ್ಯಾಂಕು ಇದ್ದರೆ ಅದನ್ನು ಹಾಳೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಳ್ಳಿ.

ಆಮೇಲೆ ಬಾವಿಕಟ್ಟೆ. ಕಟ್ಟೆಯಲ್ಲಿ ಬಿರುಕು ಇದೆಯೇ? ಸುತ್ತಲಿನ ಸಿಮೆಂಟು ನೆಲ ಒಡೆದು ನೀರು ಅಲ್ಲೇ ಇಂಗುತ್ತಿದೆಯೇ? ಬಟ್ಟೆ ಒಗೆಯುವ ಕಲ್ಲು ಎಷ್ಟು ಹತ್ತಿರ? ನಮ್ಮ ಮನೆಯಲ್ಲಿ ಒಗೆಯುವ ಕಲ್ಲು ಕಟ್ಟೆಗೆ ಅಂಟಿಕೊಂಡೇ ಇತ್ತು. ಸಾಬೂನಿನ ನೀರು ಬಿರುಕಿನಿಂದ ಒಳಗೆ ಇಳಿಯುತ್ತಿದ್ದದ್ದು ಕೂತು ನೋಡಿದ ಮೇಲೇ ಕಂಡಿತು. ಮಳೆ ಬಿದ್ದ ಕೂಡಲೇ ಟಾರ್ಚ್ ಹಿಡಿದು ಬಾವಿಯ ಒಳಗೋಡೆ ನೋಡಿ. ಮೇಲಿನ ಹತ್ತು ಅಡಿಯೊಳಗೆ ಎಲ್ಲಿಂದಲಾದರೂ ನೀರು ಜಿನುಗುತ್ತಿದ್ದರೆ ಅದು ಸೆಲೆಯ ನೀರಾಗಿರದೆ ನೆಲದ ಮೇಲಿನ ನೀರಾಗಿರಬಹುದು.

ಹಗ್ಗ, ಬಕೆಟ್ ನೆಲದ ಮೇಲೆ ಬಿದ್ದಿರುತ್ತವೆಯೇ? ಕೋಳಿ ಓಡಾಡುವ ಜಾಗದಲ್ಲಿ ಬಿದ್ದ ಬಕೆಟ್ ನೇರ ಬಾವಿಗೆ ಇಳಿಯುತ್ತದೆ. ಗಡಗಡಿಯ ಪಕ್ಕ ಒಂದು ಕೊಕ್ಕೆ ಹೊಡೆದು ಅಲ್ಲಿ ತೂಗುಹಾಕಿ. ಬಾವಿಗೆ ಬಲೆ ಅಥವಾ ಮುಚ್ಚಳ ಇದೆಯೇ ಎಂಬುದನ್ನೂ ಬರೆದುಕೊಳ್ಳಿ.

ಕಣ್ಣು, ಮೂಗು, ಒಂದು ಲೋಟ ಚಹಾ

ಬಣ್ಣವಿಲ್ಲದ ಗಾಜಿನ ಲೋಟದಲ್ಲಿ ನೀರು ತುಂಬಿ, ಹಿಂದೆ ಬಿಳಿ ಹಾಳೆ ಹಿಡಿದು ಹಗಲು ಬೆಳಕಿನಲ್ಲಿ ನೋಡಿ. ಆ ಲೋಟವನ್ನು ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ತಳದಲ್ಲಿ ಕೆಂಪು ಅಥವಾ ಕಂದು ಗಸಿ ಕಂಡರೆ ಕಬ್ಬಿಣದ ಅಂಶ ಇದೆ. ಇದಕ್ಕೆ ಇನ್ನೊಂದು ಗುರುತು ಚಹಾ. ಹಾಲು ಹಾಕದ ಚಹಾ ಮಾಡಿ. ಕಬ್ಬಿಣ ಇರುವ ನೀರಿನ ಚಹಾ ಕೆಂಪಗೆ ಬರದೆ ಮಸಿ ಬಣ್ಣಕ್ಕೆ ತಿರುಗುತ್ತದೆ. ಚಹಾದ ಒಗರಿಗೆ ಕಬ್ಬಿಣ ಕೂಡಿದರೆ ಹಾಗಾಗುತ್ತದೆ. ಪೇರಲ ಎಲೆ ಜಜ್ಜಿ ನೀರಿಗೆ ಹಾಕಿದರೂ ಇದೇ ಫಲ. ಕಬ್ಬಿಣ ಇದ್ದರೆ ನೀರು ಕಪ್ಪು-ನೇರಳೆಯಾಗುತ್ತದೆ. ಡಿಚೋಲಿ, ಸಾಂಗೇ ಕಡೆಯ ಗಣಿ ಪ್ರದೇಶದಲ್ಲಿ ಇರುವವರು ಇದನ್ನು ಮಾಡಿ ನೋಡಲೇಬೇಕು.

ಬಾವಿ ನೀರಿನ ಮೇಲೆ ಕಾಮನಬಿಲ್ಲಿನಂಥ ತೆಳು ಪದರ ಕಂಡರೆ ಗಾಬರಿ ಬೇಡ. ಸೇದಿದ ನೀರಿನ ಮೇಲಿನ ಪದರವನ್ನು ಕಡ್ಡಿಯಿಂದ ಕಲಕಿ. ಅದು ಒಡೆದು ಚೂರುಚೂರಾದರೆ ಕಬ್ಬಿಣದ ನೀರಲ್ಲಿ ಬೆಳೆಯುವ ಬ್ಯಾಕ್ಟೀರಿಯಾ. ನೋಡಲು ಚೆನ್ನಾಗಿರದು, ಆದರೆ ಅದರಿಂದ ರೋಗ ಬರುವುದಿಲ್ಲ. ಕಲಕಿದ ಮೇಲೂ ಪದರ ಹರಿದು ಬಂದು ಮತ್ತೆ ಕೂಡಿಕೊಂಡರೆ ಅದು ಎಣ್ಣೆ. ಪೆಟ್ರೋಲ್, ಸೀಮೆಎಣ್ಣೆಯ ವಾಸನೆಯೂ ಇದ್ದರೆ ಆ ನೀರನ್ನು ಬಾಯಿಗೆ ಹಾಕಬೇಡಿ. ಬಾವಿಯ ಹತ್ತಿರ ಬೆಂಕಿ ಕಡ್ಡಿ ಗೀರಬೇಡಿ. ಪಂಚಾಯಿತಿಗೆ ಅವತ್ತೇ ತಿಳಿಸಿ.

ಕೊಳೆತ ಮೊಟ್ಟೆಯ ವಾಸನೆ ಬಂದರೆ ತಳದಲ್ಲಿ ಎಲೆ, ಹೂಳು ಕೊಳೆಯುತ್ತಿದೆ ಎಂದರ್ಥ. ನಲ್ಲಿಯ ಕೆಳಗೆ ನೀಲಿ-ಹಸಿರು ಕಲೆ ಕಂಡರೆ ನೀರು ಹುಳಿ ಇದ್ದು ತಾಮ್ರ, ಹಿತ್ತಾಳೆಯನ್ನು ತಿನ್ನುತ್ತಿದೆ.

ಟಿಡಿಎಸ್ ಮೀಟರ್ ಹೇಳುವುದು ಎಷ್ಟು?

ಪೆನ್ನಿನಂಥ ಈ ಮೀಟರ್ ಈಗ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಅದು ನೀರಿನಲ್ಲಿ ಕರಗಿದ ಲವಣಗಳು ಎಷ್ಟು ಎಂದು ಅಂದಾಜು ಮಾಡುತ್ತದೆ. ನೀರಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ಅಳೆದು, ಅದನ್ನೇ ಲವಣದ ಲೆಕ್ಕಕ್ಕೆ ತಿರುಗಿಸುತ್ತದೆ. ಅದರ ಕೆಲಸ ಅಷ್ಟೇ. ರೋಗಾಣು ಅದಕ್ಕೆ ಕಾಣುವುದಿಲ್ಲ.

ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಐಎಸ್ 10500. ಅದರಲ್ಲಿ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 2000ದವರೆಗೂ ಒಪ್ಪಬಹುದು. ನಮ್ಮ ಬಾವಿಯದು 80. ಊರಿನ ಬೋರಿಗೆ ಹೋಲಿಸಿದರೆ ಎಷ್ಟೋ ಪಾಲು ಕಡಿಮೆ. ಆದರೆ ಸೀಸೆ ಕಪ್ಪಾದದ್ದು ಈ 80ರ ನೀರಿನಲ್ಲೇ. ಮನೆಗೆ ಬಂದು ಮೀಟರ್ ಅದ್ದಿ "ನೀರು ಶುದ್ಧ" ಎನ್ನುವವರ ಮಾತನ್ನೂ, "ಲವಣ ತೆಗೆಯುವ ಆರ್‌ಒ ಯಂತ್ರ ಹಾಕಿಸಿ" ಎನ್ನುವವರ ಮಾತನ್ನೂ ಅಷ್ಟಕ್ಕೇ ನಂಬಬೇಡಿ. 80 ಇರುವ ನೀರಿಗೆ ಆರ್‌ಒ ಬೇಡವೇ ಬೇಡ. ಇದ್ದ ಚೂರು ಖನಿಜವೂ ಹೋಗುತ್ತದೆ, ಕೊಡಗಟ್ಟಲೆ ನೀರು ಮೋರಿಗೆ ಹರಿಯುತ್ತದೆ.

ಹಾಗಂತ ಮೀಟರ್ ದಂಡ ಅಲ್ಲ. ತಿಂಗಳಿಗೊಮ್ಮೆ ಅಳೆದು ಬರೆದಿಡಿ. 80 ಇದ್ದದ್ದು ಒಮ್ಮೆಲೇ 250 ಆದರೆ ಏನೋ ಹೊಸದಾಗಿ ಬಂದು ಸೇರುತ್ತಿದೆ. ಕಲಂಗುಟ್, ಕಾಂದೋಳಿ, ಕೋಲ್ವಾದಂಥ ಕಡಲ ದಂಡೆಯ ಊರಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಅಂಕಿ ಏರಿದರೆ ಉಪ್ಪು ನೀರು ಒಳಗೆ ನುಗ್ಗುತ್ತಿರಬಹುದು. ಆಗ ಮೋಟರ್ ಓಡಿಸುವುದು ಕಡಿಮೆ ಮಾಡಿ. ಜಾಸ್ತಿ ಎಳೆದಷ್ಟೂ ಸಮುದ್ರ ಒಳಗೆ ಬರುತ್ತದೆ.

ಕಪ್ಪಾಗುವ ಸೀಸೆ

ಇದೇ ನಾನು ಎಲ್ಲರಿಗೂ ಒತ್ತಿ ಹೇಳುವ ಪರೀಕ್ಷೆ. ಹೆಸರು ಎಚ್‌ಟುಎಸ್ ಪರೀಕ್ಷೆ. ನಮ್ಮ ದೇಶದಲ್ಲೇ ಹುಟ್ಟಿದ್ದು. ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1982ರಲ್ಲಿ ಇದನ್ನು ಪ್ರಕಟಿಸಿದರು. ಲ್ಯಾಬ್ ಇಲ್ಲದ ಹಳ್ಳಿಯಲ್ಲೂ ನೀರಿಗೆ ಮಲದ ಸೋಂಕು ಇದೆಯೇ ಎಂದು ತಿಳಿಯಲಿ ಎಂಬುದು ಉದ್ದೇಶ. ಮಲದಲ್ಲಿರುವ ಹಲವು ಬ್ಯಾಕ್ಟೀರಿಯಾಗಳು ಬೆಳೆಯುವಾಗ ಒಂದು ಗಂಧಕದ ಅನಿಲ ಬಿಡುತ್ತವೆ. ಸೀಸೆಯಲ್ಲಿರುವ ಕಬ್ಬಿಣದ ಲವಣಕ್ಕೆ ಆ ಅನಿಲ ತಾಗಿದರೆ ಕಪ್ಪು ಬಣ್ಣ ಬರುತ್ತದೆ. ನಿಮ್ಮ ನೀರಲ್ಲಿ ಕಬ್ಬಿಣ ಇದ್ದ ಮಾತ್ರಕ್ಕೆ ಸೀಸೆ ಕಪ್ಪಾಗುವುದಿಲ್ಲ, ಆ ಚಿಂತೆ ಬೇಡ.

ಸೀಸೆಗಳು ಲ್ಯಾಬ್ ಸಾಮಾನು ಮಾರುವ ಅಂಗಡಿಯಲ್ಲೂ ಆನ್‌ಲೈನಿನಲ್ಲೂ ಸಿಗುತ್ತವೆ. ಮನೆಮನೆಗೆ ನಲ್ಲಿ ನೀರು ಕೊಡುವ ಕೇಂದ್ರದ ಯೋಜನೆಯಾದ ಜಲಜೀವನ ಮಿಷನ್ ಅಡಿ ಹಳ್ಳಿಯ ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ, ಕಿಟ್ ಕೊಟ್ಟಿದ್ದಾರೆ. ಪಂಚಾಯಿತಿಯಲ್ಲಿ ಒಮ್ಮೆ ಕೇಳಿ ನೋಡಿ. ಕೊಳ್ಳುವಾಗ ಅವಧಿ ಮುಗಿಯುವ ತಾರೀಖು ನೋಡುವುದನ್ನು ಮರೆಯಬೇಡಿ. ಎರಡು-ಮೂರು ಸೀಸೆ ಒಟ್ಟಿಗೆ ತನ್ನಿ.

ಮಾಡುವ ಕ್ರಮ ಹೀಗೆ:

1. ಕಳೆದ ಒಂದು ವಾರದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದರೆ ಈಗ ಬೇಡ. ಕ್ಲೋರಿನ್ ಉಳಿದಿದ್ದರೆ ಫಲಿತಾಂಶ ಸುಳ್ಳಾಗುತ್ತದೆ.

2. ಸಾಬೂನಿನಿಂದ ಕೈ ತೊಳೆದು, ಒಣಗಲು ಬಿಡಿ. ಸೀಸೆಯ ಬಾಯಿ, ಮುಚ್ಚಳದ ಒಳಭಾಗ ಮುಟ್ಟಬೇಡಿ. ಮುಚ್ಚಳವನ್ನು ನೆಲದ ಮೇಲೆ ಇಡದೆ ಕೈಯಲ್ಲೇ ಹಿಡಿದಿರಿ. ಸೀಸೆಯ ಒಳಗಿನ ಪುಡಿ ಅಥವಾ ಕಾಗದ ಹಾಗೇ ಇರಲಿ. ಸೀಸೆಯನ್ನು ತೊಳೆಯಬಾರದು.

3. ಬಾವಿಯಿಂದ ಸೇದುವುದಾದರೆ ಕುದಿವ ನೀರಲ್ಲಿ ತೊಳೆದ ಸ್ಟೀಲ್ ಪಾತ್ರೆಯಲ್ಲಿ ಸೇದಿ. ನಲ್ಲಿಯಿಂದ ಹಿಡಿಯುವುದಾದರೆ ನಲ್ಲಿಯ ಬಾಯಿಯ ಜಾಲರಿ ತೆಗೆದು, ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿ, ಎರಡು-ಮೂರು ನಿಮಿಷ ನೀರು ಬಿಟ್ಟು ಆಮೇಲೆ ಹಿಡಿಯಿರಿ.

4. ಸೀಸೆಯ ಗೆರೆಯ ತನಕ ತುಂಬಿ, ಮುಚ್ಚಿ, ನಿಧಾನ ಅಲುಗಾಡಿಸಿ. ಜಾಗ, ತಾರೀಖು, ಗಂಟೆ ಬರೆದು ಅಂಟಿಸಿ.

5. ಬಿಸಿಲು ಬೀಳದ, ಮಕ್ಕಳ ಕೈಗೆ ಸಿಗದ ಬೆಚ್ಚಗಿನ ಕಪಾಟಿನಲ್ಲಿ ಇಡಿ. ಫ್ರಿಜ್ಜಿನಲ್ಲಿ ಬೇಡ. 24 ಗಂಟೆಗೆ ಒಮ್ಮೆ, 48 ಗಂಟೆಗೆ ಒಮ್ಮೆ ನೋಡಿ.

ಎರಡು ಸೀಸೆ ತುಂಬಿ ಎಂಬುದು ನನ್ನ ಸಲಹೆ. ಒಂದು ನೇರ ಬಾವಿಯದು, ಒಂದು ಅದೇ ಬಾವಿ ನೀರು ಟ್ಯಾಂಕಿನ ಮೂಲಕ ಬರುವ ಅಡುಗೆಮನೆ ನಲ್ಲಿಯದು. ಬಾವಿಯದು ತಿಳಿಯಾಗಿದ್ದು ನಲ್ಲಿಯದು ಕಪ್ಪಾದರೆ ತಪ್ಪು ಮಾಳಿಗೆ ಮೇಲಿನ ಟ್ಯಾಂಕಿನದು. ಎಷ್ಟೋ ಮನೆಯಲ್ಲಿ ಆ ಟ್ಯಾಂಕಿನ ಮುಚ್ಚಳ ಗಾಳಿಗೆ ಹಾರಿಹೋಗಿ ವರ್ಷವಾಗಿರುತ್ತದೆ. ಮೂರನೆಯ ಸೀಸೆಗೆ ಚೆನ್ನಾಗಿ ಕುದಿಸಿ ಆರಿಸಿದ ನೀರು ಹಾಕಿಟ್ಟರೆ ಇನ್ನೂ ಒಳ್ಳೆಯದು. ಅದು ಕಪ್ಪಾಗಬಾರದು. ಕಪ್ಪಾದರೆ ನೀವು ತುಂಬಿದ ರೀತಿಯಲ್ಲೇ ಎಡವಟ್ಟಾಗಿದೆ.

ಓದುವುದು ಹೇಗೆ? ಕಪ್ಪಾದರೆ ಆ ನೀರನ್ನು ಕುದಿಸದೆ ಕುಡಿಯಬೇಡಿ. 24 ಗಂಟೆಯ ಒಳಗೇ ಕಪ್ಪಾದರೆ ಸೋಂಕು ಜೋರಾಗಿರಬಹುದು. ಕೆಲವೊಮ್ಮೆ ಕೊಳೆತ ಎಲೆಯಲ್ಲಿರುವ ಬೇರೆ ಬ್ಯಾಕ್ಟೀರಿಯಾದಿಂದಲೂ ಕಪ್ಪಾಗುವುದುಂಟು. ಅದು ಗೊತ್ತಾಗಲು ಲ್ಯಾಬ್ ಬೇಕು. ಅಲ್ಲಿಯವರೆಗೆ ಕೆಟ್ಟದ್ದೆಂದೇ ತಿಳಿಯಿರಿ. ಬಣ್ಣ ಬದಲಾಗದಿದ್ದರೆ ಸಮಾಧಾನ, ಆದರೆ ಅದು ವರ್ಷಪೂರ್ತಿ ಗ್ಯಾರಂಟಿ ಅಲ್ಲ. ಅವತ್ತಿನ ನೀರಿನ ಮಾತು ಅಷ್ಟೇ.

ಕಪ್ಪಾದ ಸೀಸೆಯಲ್ಲಿ ರೋಗಾಣುಗಳು ಎಷ್ಟೋ ಪಟ್ಟು ಬೆಳೆದಿರುತ್ತವೆ. ಮೂಸಿ ನೋಡಬೇಡಿ, ಸಿಂಕಿಗೆ ಸುರಿಯಬೇಡಿ. ಬ್ಲೀಚಿಂಗ್ ಪೌಡರಿನ ಗಟ್ಟಿ ನೀರು ಹಾಕಿ ಅರ್ಧ ಗಂಟೆ ಬಿಟ್ಟು, ಶೌಚಾಲಯಕ್ಕೆ ಸುರಿದು, ಕೈ ತೊಳೆದುಕೊಳ್ಳಿ.

ಬಣ್ಣದ ಪಟ್ಟಿ, ಹನಿ ಔಷಧ

ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎಂಬ ಅಳತೆ), ಗಡಸುತನ, ಕ್ಲೋರೈಡ್, ನೈಟ್ರೇಟ್, ಕಬ್ಬಿಣ ನೋಡುವ ಕಿಟ್‌ಗಳಿವೆ. ಕೆಲವದರಲ್ಲಿ ಕಾಗದದ ಪಟ್ಟಿ ಅದ್ದುವುದು, ಕೆಲವದರಲ್ಲಿ ಹನಿ ಎಣಿಸಿ ಹಾಕುವುದು. ಕಿಟ್‌ನಲ್ಲಿ ಬರೆದ ಸಮಯವನ್ನು ಗಡಿಯಾರ ನೋಡಿಯೇ ಪಾಲಿಸಿ. ಬಣ್ಣವನ್ನು ಟ್ಯೂಬ್‌ಲೈಟ್ ಕೆಳಗೆ ನೋಡದೆ ಹಗಲು ಬೆಳಕಿನಲ್ಲಿ ಹೋಲಿಸಿ. ಮಳೆಗಾಲದ ತೇವಕ್ಕೆ ಪಟ್ಟಿಗಳು ಬೇಗ ಕೆಡುತ್ತವೆ, ಡಬ್ಬಿ ಬಿಗಿಯಾಗಿ ಮುಚ್ಚಿಡಿ.

ನೈಟ್ರೇಟ್ ಅನ್ನು ಬಿಡಲೇಬೇಡಿ. ಮಿತಿ ಲೀಟರಿಗೆ 45 ಮಿಲಿಗ್ರಾಂ, ಇದರಲ್ಲಿ ರಿಯಾಯಿತಿ ಇಲ್ಲ. ಜಾಸ್ತಿ ಇದ್ದರೆ ಆ ನೀರಿನಿಂದ ಎಳೆಮಗುವಿಗೆ ಹಾಲಿನ ಪುಡಿ ಕಲಸಬಾರದು. ಮಗುವಿನ ರಕ್ತ ಆಮ್ಲಜನಕ ಸಾಗಿಸುವ ಶಕ್ತಿ ಕಳೆದುಕೊಂಡು ಮೈ ನೀಲಿಗಟ್ಟುತ್ತದೆ. ಕುದಿಸಿದರೂ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗಿ ಅದು ಇನ್ನೂ ಗಟ್ಟಿಯಾಗುತ್ತದೆ. ಸಮುದ್ರದಿಂದ ದೂರದ ಬಾವಿಯಲ್ಲಿ ನೈಟ್ರೇಟ್, ಕ್ಲೋರೈಡ್ ಎರಡೂ ಒಟ್ಟಿಗೆ ಏರಿದರೆ ಮೊದಲ ಅನುಮಾನ ಸೆಪ್ಟಿಕ್ ಟ್ಯಾಂಕಿನ ಮೇಲೆ. ಹೊಲ, ತೋಟ ಪಕ್ಕದಲ್ಲಿದ್ದರೆ ಗೊಬ್ಬರವೂ ಕಾರಣವಾಗಬಹುದು.

ಪಿಎಚ್ 6.5ರಿಂದ 8.5ರ ಒಳಗೆ ಇರಬೇಕು. ಜಂಬಿಟ್ಟಿಗೆ ಬಾವಿಗಳಲ್ಲಿ 6ಕ್ಕೂ ಕೆಳಗೆ ಬರುವುದುಂಟು. ಅಂಥ ನೀರು ಹಳೆಯ ಕಬ್ಬಿಣದ ಪೈಪನ್ನು ತಿನ್ನುತ್ತದೆ. ಸುಣ್ಣಕಲ್ಲಿನ ಹರಳು ತುಂಬಿದ ಫಿಲ್ಟರ್ ಇದಕ್ಕೆ ಸಾಕು. ಕಬ್ಬಿಣದ ಮಿತಿ ಈಗ ಲೀಟರಿಗೆ 1 ಮಿಲಿಗ್ರಾಂ. ಮೀರಿದರೆ ನೀರನ್ನು ಎತ್ತರದಿಂದ ಸುರಿದು ಗಾಳಿ ತಾಗಿಸಿ, ರಾತ್ರಿಯಿಡೀ ನಿಲ್ಲಿಸಿ, ಮೇಲಿನ ತಿಳಿಯನ್ನು ಸೋಸಿಕೊಳ್ಳಿ. ಕ್ಲೋರೈಡ್ 250ರ ಒಳಗೆ, ಗಡಸುತನ 200ರ ಒಳಗೆ ಇದ್ದರೆ ಚೆನ್ನ.

ಲ್ಯಾಬಿಗೆ ಒಯ್ಯುವಾಗ

ಹೊಸ ಬಾವಿ, ಹೊಸ ಬಾಡಿಗೆ ಮನೆ, ಮನೆಯಲ್ಲಿ ಬಾಣಂತಿ ಅಥವಾ ಎಳೆಮಗು, ಪದೇಪದೇ ಕಪ್ಪಾಗುವ ಸೀಸೆ. ಇವುಗಳಲ್ಲಿ ಯಾವುದಿದ್ದರೂ ಒಮ್ಮೆ ಲ್ಯಾಬ್ ವರದಿ ಮಾಡಿಸಿ. ಸರಕಾರದ ನೀರಿನ ಲ್ಯಾಬುಗಳನ್ನು ಜಲಜೀವನ ಮಿಷನ್ ಅಡಿ ಜನರಿಗೂ ತೆರೆದಿದ್ದಾರೆ, ಶುಲ್ಕ ಕಡಿಮೆ. ಖಾಸಗಿ ಲ್ಯಾಬ್ ಆದರೆ ಲ್ಯಾಬುಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಲ್‌ನ ಮಾನ್ಯತೆ ಇದೆಯೇ ಕೇಳಿ. ಗಣಿ ಪ್ರದೇಶದವರು ಮ್ಯಾಂಗನೀಸ್ ಕೂಡ ನೋಡಿಸಿ. ಊರಿನ ಅಭ್ಯಾಸದಿಂದ ಫ್ಲೋರೈಡ್ ಬಗ್ಗೆ ಮನಸ್ಸಿಗೆ ಸಮಾಧಾನ ಇಲ್ಲದವರು ಅದನ್ನೂ ಇದರಲ್ಲೇ ಸೇರಿಸಿ. ಮಿತಿ ಲೀಟರಿಗೆ 1 ಮಿಲಿಗ್ರಾಂ, ಅನಿವಾರ್ಯವಾದರೆ 1.5.

ರೋಗಾಣು ಪರೀಕ್ಷೆಗೆ ಲ್ಯಾಬಿನವರೇ ಕೊಡುವ ಸ್ಟೆರೈಲ್, ಅಂದರೆ ರೋಗಾಣು ಇಲ್ಲದಂತೆ ಮಾಡಿದ ಬಾಟಲಿ ಬೇಕು. ಮನೆಯ ಹಳೇ ನೀರಿನ ಬಾಟಲಿ ಬೇಡ. ಬಾಟಲಿ ತೊಳೆಯದೆ, ಮೇಲೆ ಸ್ವಲ್ಪ ಜಾಗ ಬಿಟ್ಟು ತುಂಬಿ. ಐಸ್ ಇಟ್ಟ ಡಬ್ಬಿಯಲ್ಲಿ, ಸಾಧ್ಯವಾದರೆ ಆರು ಗಂಟೆಯೊಳಗೆ ಮುಟ್ಟಿಸಿ. ಹೋಗುವ ಮೊದಲು ಫೋನ್ ಮಾಡಿ. ಶನಿವಾರ ಮಧ್ಯಾಹ್ನ ಕೊಟ್ಟ ನೀರು ಸೋಮವಾರದ ತನಕ ಸುಮ್ನೆ ಕೂತರೆ ಪರೀಕ್ಷೆಗೆ ಅರ್ಥವಿಲ್ಲ. ಉಳಿದ ರಾಸಾಯನಿಕ ಪರೀಕ್ಷೆಗೆ ಒಂದೆರಡು ಲೀಟರಿನ ಶುಭ್ರ ಕ್ಯಾನ್ ಸಾಕು. ಅದನ್ನು ಅದೇ ನೀರಿನಿಂದ ಮೂರು ಸಲ ತೊಳೆದು ಭರ್ತಿ ತುಂಬಿ.

ವರದಿಯಲ್ಲಿ ಮೊದಲು ನೋಡಬೇಕಾದ ಸಾಲು ಇ-ಕೊಲೈ, ಅಂದರೆ ಮಲದಲ್ಲಿರುವ ಒಂದು ಬ್ಯಾಕ್ಟೀರಿಯಾ. 100 ಮಿಲಿಲೀಟರ್ ನೀರಲ್ಲಿ ಒಂದೂ ಇರಬಾರದು. ಇದ್ದರೆ ಮಲ ಸೇರಿದೆ, ಅದರಲ್ಲಿ ಬೇರೆ ಅರ್ಥ ಇಲ್ಲ.

ಸೀಸೆ ಕಪ್ಪಾಯಿತು, ಈಗೇನು?

ಅವತ್ತಿನಿಂದಲೇ ಕುದಿಸಿ ಕುಡಿಯಿರಿ. ಗುಳ್ಳೆ ಎದ್ದು ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು. ಹಲ್ಲುಜ್ಜಲು, ಹಸಿ ಕೋಸಂಬರಿ ತರಕಾರಿ ತೊಳೆಯಲು ಅದೇ ನೀರು ಬಳಸಿ.

ಆಮೇಲೆ ಬಾವಿಗೆ ಬ್ಲೀಚಿಂಗ್. ಅಂದಾಜಿಗೆ ಒಂದು ಹಿಡಿ ಸುರಿಯುವುದು ತಪ್ಪು. ಲೆಕ್ಕ ಮಾಡಿ. ಹಗ್ಗಕ್ಕೆ ಕಲ್ಲು ಕಟ್ಟಿ ತಳ ಮುಟ್ಟುವವರೆಗೆ ಇಳಿಸಿ, ಒದ್ದೆಯಾದ ಭಾಗ ಅಳೆದರೆ ನೀರಿನ ಆಳ ಸಿಕ್ಕಿತು. ದುಂಡು ಬಾವಿಯ ಅಗಲವನ್ನು ಮೀಟರಿನಲ್ಲಿ ಅಳೆಯಿರಿ. ಅಗಲವನ್ನು ಅಗಲದಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಕೊನೆಗೆ 785ರಿಂದ ಗುಣಿಸಿ. ಬಂದದ್ದು ಲೀಟರ್. ಅಗಲ 3 ಮೀಟರ್, ನೀರು 4 ಮೀಟರ್ ಇದ್ದರೆ 28,260 ಲೀಟರ್. ಪ್ರತಿ 1000 ಲೀಟರಿಗೆ 2.5 ಗ್ರಾಂ ಬ್ಲೀಚಿಂಗ್ ಪೌಡರ್ ಎಂಬುದು ಸಾಮಾನ್ಯ ಪ್ರಮಾಣ. ಈ ಬಾವಿಗೆ ಸುಮಾರು 71 ಗ್ರಾಂ. ಅಡುಗೆಮನೆ ತಕ್ಕಡಿಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ ತೂಗಿ.

ಪೌಡರ್ ಹೊಸದಿರಬೇಕು, ಮೂಗಿಗೆ ಘಾಟು ಹೊಡೆಯಬೇಕು. ಬಾಯಿ ತೆರೆದಿಟ್ಟ ಪೊಟ್ಟಣ ಗೋವಾದ ತೇವದಲ್ಲಿ ಕೆಲವೇ ದಿನಕ್ಕೆ ಸತ್ವ ಕಳೆದುಕೊಳ್ಳುತ್ತದೆ. ಹೊರಗೆ ಗಾಳಿಯಲ್ಲಿ, ಕೈಗವಸು ಹಾಕಿ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಹಿಟ್ಟಿನಂತೆ ಕಲಸಿ. ಮುಕ್ಕಾಲು ಬಕೆಟ್ ನೀರು ಸೇರಿಸಿ ಕದಡಿ, ಹತ್ತು ನಿಮಿಷ ಬಿಡಿ. ಸುಣ್ಣದ ಗಸಿ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನಷ್ಟೇ ಇನ್ನೊಂದು ಬಕೆಟ್ಟಿಗೆ ಬಸಿಯಿರಿ. ಗಸಿಯನ್ನು ಬಾವಿಗೆ ಹಾಕಬೇಡಿ. ಆ ತಿಳಿಯ ಬಕೆಟ್ಟನ್ನು ನೀರಿನ ಒಳಗೆ ಇಳಿಸಿ, ಮೇಲೆ ಕೆಳಗೆ ಎಳೆದಾಡಿ ಚೆನ್ನಾಗಿ ಬೆರೆಸಿ. ಒಂದು ಗಂಟೆ ಯಾರೂ ನೀರು ಮುಟ್ಟಬಾರದು. ರಾತ್ರಿ ಹಾಕಿ ಬೆಳಗ್ಗೆ ಬಳಸುವುದು ಸುಲಭ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಬ್ಲೀಚಿಂಗ್ ಪೌಡರ್ ಎಂದೂ ಸೇರಬಾರದು, ವಿಷದ ಗಾಳಿ ಏಳುತ್ತದೆ.

ಹಾಕಿ ಒಂದು ಗಂಟೆಯಾದ ಮೇಲೆ ಕ್ಲೋರಿನ್ ಕಿಟ್‌ನಿಂದ ನೋಡಿ. ಲೀಟರಿಗೆ 0.5 ಮಿಲಿಗ್ರಾಂ ಉಳಿದಿರಬೇಕು. ಏನೂ ಉಳಿದಿಲ್ಲ ಎಂದರೆ ಕೊಳೆ ಅಷ್ಟನ್ನೂ ತಿಂದಿದೆ, ಇನ್ನೊಮ್ಮೆ ಹಾಕಬೇಕು. ನೀರು ಕೆಂಪಾಗಿ ರಾಡಿಯಾಗಿದ್ದರೆ ಮೊದಲು ತಿಳಿಯಾಗಲಿ. ರಾಡಿಯಲ್ಲಿ ಬ್ಲೀಚಿಂಗೂ ಕೆಲಸ ಮಾಡದು, ಬೆಳಕಿನ ಕಿರಣದಿಂದ ರೋಗಾಣು ಕೊಲ್ಲುವ ಯುವಿ ಫಿಲ್ಟರೂ ಕೆಲಸ ಮಾಡದು.

ಹೂಳು ತೆಗೆಸುವುದಾದರೆ ದಯವಿಟ್ಟು ಒಂಟಿ ಮನುಷ್ಯನನ್ನು ಬಾವಿಗೆ ಇಳಿಸಬೇಡಿ. ತಳದಲ್ಲಿ ಉಸಿರುಗಟ್ಟಿಸುವ ಗಾಳಿ ಇರಬಹುದು. ಮೊದಲು ಇಳಿದವನನ್ನು ಎತ್ತಲು ಹೋದವನೂ ಸತ್ತ ಸುದ್ದಿಗಳನ್ನು ನಾವು ಓದುತ್ತಲೇ ಇರುತ್ತೇವೆ. ಅನುಭವಸ್ಥರನ್ನೇ ಕರೆಸಿ, ಸೊಂಟಕ್ಕೆ ಹಗ್ಗ ಇರಲಿ, ಮೇಲೆ ಜನ ಇರಲಿ.

ಬ್ಲೀಚಿಂಗ್ ಹಾಕಿದ್ದು ಅವತ್ತಿನ ನೀರಿಗೆ ಮಾತ್ರ. ಬಾವಿಗೆ ದಿನವೂ ಹೊಸ ನೀರು ಊರುತ್ತದೆ. ಕೊಳೆ ಬರುವ ದಾರಿ ಮುಚ್ಚದಿದ್ದರೆ ಹದಿನೈದು ದಿನಕ್ಕೆ ಸೀಸೆ ಮತ್ತೆ ಕಪ್ಪು. ಆಗ ಮೊದಲ ದಿನ ಬರೆದ ಹಾಳೆ ಕೆಲಸಕ್ಕೆ ಬರುತ್ತದೆ.

ಬಾಡಿಗೆದಾರರಿಗೆ ಇದು ಕಷ್ಟ ಎಂದು ನನಗೆ ಗೊತ್ತು. ಬಾವಿ ಮಾಲೀಕರದು, ಮಾತು ಕೊಂಕಣಿಯಲ್ಲಿ. ಬಾಯಲ್ಲಿ ಹೇಳಿದರೆ ತಪ್ಪು ಹೊರಿಸಿದಂತೆ ಕೇಳುತ್ತದೆ. ನಾನು ನಮ್ಮ ಮನೆಯೊಡತಿಗೆ ಮುಚ್ಚಿದ ಎರಡು ಸೀಸೆ ತೋರಿಸಿದೆ. ಕುದಿಸಿದ ನೀರಿನದು ತಿಳಿ, ಬಾವಿಯದು ಕಪ್ಪು. ಅವರೂ ಅದೇ ನೀರು ಕುಡಿಯುತ್ತಿದ್ದರು. ಒಂದು ನಿಮಿಷ ಸುಮ್ಮನೆ ನೋಡಿ, ಗೌಂಡಿಗೆ ಫೋನ್ ಮಾಡಿದರು. ಒಗೆಯುವ ಕಲ್ಲು ಮನೆಯ ಆಚೆ ಬದಿಗೆ ಹೋಯಿತು. ಕಟ್ಟೆಯ ಬಿರುಕು ಮುಚ್ಚಿ, ಸುತ್ತ ಹೊರಕ್ಕೆ ಇಳಿಜಾರಾಗಿ ಸಿಮೆಂಟ್ ಹಾಕಿಸಿದರು. ಮೇಲೆ ಬಲೆ ಬಂತು. ಪಕ್ಕದ ಮನೆಯ ಸೆಪ್ಟಿಕ್ ಟ್ಯಾಂಕು ಮಾತ್ರ ಅಲ್ಲೇ ಇದೆ, 40 ಅಡಿಯಲ್ಲಿ. ಅದಕ್ಕೇ ಮಳೆಗಾಲವಿಡೀ ನಾವು ಇಂದಿಗೂ ಕುದಿಸಿಯೇ ಕುಡಿಯುತ್ತೇವೆ.

ವರ್ಷಕ್ಕೆ ಎರಡು ಸಲ ಪರೀಕ್ಷೆ ಮಾಡಿ. ಮೇ ಕೊನೆಯಲ್ಲಿ ನೀರು ತಳ ಹಿಡಿದಾಗ ಟಿಡಿಎಸ್, ಕ್ಲೋರೈಡ್, ನೈಟ್ರೇಟ್. ಆಗ ಎಲ್ಲ ಲವಣವೂ ಗಟ್ಟಿಯಾಗಿರುತ್ತದೆ. ಜೂನ್‌ನಲ್ಲಿ ಮೊದಲ ದೊಡ್ಡ ಮಳೆಯಾಗಿ ಹತ್ತು-ಹದಿನೈದು ದಿನಕ್ಕೆ ಕಪ್ಪಾಗುವ ಸೀಸೆ. ಒಂದೇ ಸಲ ಮಾಡಲು ಸಾಧ್ಯ ಎನ್ನುವವರು ಈ ಎರಡನೆಯದನ್ನು ಆರಿಸಿಕೊಳ್ಳಿ. ನೆರೆ ನೀರು ನುಗ್ಗಿದಾಗ, ಹೂಳು ತೆಗೆಸಿದ ಮೇಲೆ, ಪಕ್ಕದಲ್ಲಿ ಹೊಸ ಮನೆ ಎದ್ದು ಹೊಸ ಟ್ಯಾಂಕು ತೋಡಿದಾಗ ಇನ್ನೊಂದು ಸಲ. ಅಂಕಿಗಳನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯಬೇಡಿ, ಡಿಸೆಂಬರಿಗೆ ಅದು ರದ್ದಿಗೆ ಹೋಗುತ್ತದೆ. ಒಂದು ನೋಟ್‌ಬುಕ್ ಇಡಿ. ಮನೆ ಬಿಡುವಾಗ ಅದನ್ನು ಮುಂದೆ ಬರುವ ಬಾಡಿಗೆದಾರರ ಕೈಗೆ ಕೊಟ್ಟು ಹೋಗಿ.